ಅಚ್ಚುಕೂಟದ ಹಿತ್ತಲಿನ ಹೊನಗೊನ್ನೆ

ಸಾವು ಯಾವ ಬಾಗಿಲಿನಿಂದ ಬರುತ್ತದೆಂದು ಮನುಷ್ಯಮಾತ್ರರು ಹೇಳಲಾರರು. ನಮ್ಮ ಮನೆಗೆ ಮಾತ್ರ ಅದು ಸೊಪ್ಪಿನವಳ ಬುಟ್ಟಿಯಲ್ಲಿ ಕೂತು ಬರುತ್ತದೆಂದು ನಾನು ನಂಬಿರುವುದಾಗಿ ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಮಾತು ಸುಳ್ಳಲ್ಲ. ಸೊಪ್ಪು ಎಳೆಯದೋ ಬಲಿತದ್ದೋ ಎಂದು ಜನ ನೋಡುತ್ತಾರೆ. ನಾನು ಅದು ಹುಟ್ಟಿದ ಊರು, ಮನೆತನ, ಕುಡಿದ ನೀರು ವಿಚಾರಿಸುತ್ತೇನೆ. "ಹೆಣ್ ನೋಡಕ್ ಬಂದವ್ರಂಗೆ ಕೇಳ್ತೀರಲ್ಲ ಸ್ವಾಮಿ, ತಗಳಂಗಿದ್ರೆ ತಗಳಿ, ಇಲ್ದಿದ್ರೆ ಬುಡಿ" ಎಂದು ಬುಟ್ಟಿ ಎತ್ತಿಕೊಂಡು ಹೋದವರು ಹಲವರು.

ಮೊನ್ನೆ ತುಮಕೂರಿಗೆ ಹೋಗಿದ್ದೆ. ನಾನು ಇನ್ನೂ ಸತ್ತಿಲ್ಲವೆಂದು ಪಿಂಚಣಿಯವರ ಎದುರು ಖುದ್ದಾಗಿ ನಿಂತು ರುಜುವಾತು ಮಾಡಬೇಕಾದ ವಾರ್ಷಿಕ ಕರ್ತವ್ಯವೊಂದಿದೆ. ಅವರೂ ಅರೆಮನಸ್ಸಿನಿಂದ ಒಪ್ಪಿಕೊಂಡ ಮೇಲೆ ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ನಡೆದು ಬರುತ್ತಿದ್ದೆ. ಮೊಬೈಲು ರಿಪೇರಿ ಅಂಗಡಿಯಲ್ಲಿ ಒಬ್ಬಾತ ಭೂತಗನ್ನಡಿಯ ಕೆಳಗೆ ಏನೋ ಹಿಡಿದು ಬೆಸುಗೆ ಹಾಕುತ್ತಿದ್ದ. ಕಾದ ಲೋಹದ ಸಣ್ಣ ಹೊಗೆ ಬೀದಿಗೆ ಬಂತು. ಸಿಹಿಯೆಂದು ಹೇಳಲಾಗದ, ಕಮಟೆಂದೂ ಹೇಳಲಾಗದ, ನಾಲಗೆಯ ಬುಡಕ್ಕೆ ಹೋಗಿ ಕೂರುವ ವಾಸನೆ. ಕಾಲು ತಾನಾಗಿ ನಿಂತಿತು. ತಲೆಯೆತ್ತಿ ನೋಡಿದರೆ ಅಂಗಡಿಯ ಹಣೆಯ ಮೇಲಿನ ಮರದ ತೊಲೆ ಅದೇ. ಅದರ ಕೆಳಗೇ ರುದ್ರಪ್ಪನವರ ಅಚ್ಚುಕೂಟ ಇದ್ದದ್ದು. ಬೇಗ ಬೇಗ ಮುಂದೆ ನಡೆದೆ. ನನ್ನ ವಯಸ್ಸಿಗೆ ಎಷ್ಟು ಬೇಗ ಸಾಧ್ಯವೋ ಅಷ್ಟು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಮಳೆಗಾಲವದು. ನಾನು ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಲೆಕ್ಚರರು, ಮನೆ ಗುಬ್ಬಿಯಲ್ಲಿ. ಕನ್ನಡದಲ್ಲಿ ಸಸ್ಯಶಾಸ್ತ್ರವಿಲ್ಲದೆ ಕನ್ನಡ ಜನತೆ ಸೊರಗುತ್ತಿದೆಯೆಂದು ನನಗೆ ಬಲವಾಗಿ ಅನ್ನಿಸಿತ್ತು. ಜನತೆಗೆ ಹಾಗೇನೂ ಅನ್ನಿಸಿರಲಿಲ್ಲ. ಆದರೂ ಪಿಯುಸಿ ಮಕ್ಕಳಿಗೆಂದು ಒಂದು ಪುಸ್ತಕ ಬರೆದು ರುದ್ರಪ್ಪನವರ ಅಚ್ಚುಕೂಟಕ್ಕೆ ಕೊಟ್ಟಿದ್ದೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಚ್ಚರಿಕೆ, ಇದು ರುದ್ರಪ್ಪನವರು. ಚೇಳೂರಿನ ನಾಟಕದ ಕರಪತ್ರ, ಬೆಳ್ಳಾವಿಯ ಸೊಸೈಟಿಯ ರಸೀದಿ, ಹಾಗಲವಾಡಿಯ ಮದುವೆ ಕಾಗದ, ಇವೇ ಅವರ ಸಾಹಿತ್ಯ.

ಅಲ್ಲಿನ ಹೆಡ್ ಕಂಪೋಸಿಟರ್ ಗಫಾರ್ ಸಾಹೇಬರು ನನ್ನಂತೆಯೇ ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುವವರು. ಆಗ ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಅವನ್ನು ಕೇಸಿನ, ಅಂದರೆ ಮರದ ಪೆಟ್ಟಿಗೆಯ, ಖಾನೆಗಳಿಂದ ಆರಿಸಿ ಕೈಯಲ್ಲಿ ಹಿಡಿದ ಕಬ್ಬಿಣದ ಸ್ಟಿಕ್ಕಿನಲ್ಲಿ ತಲೆಕೆಳಗಾಗಿ, ಕನ್ನಡಿಯೊಳಗಿನ ಬರಹದಂತೆ ಜೋಡಿಸಬೇಕು. ಸಾಹೇಬರ ಕಣ್ಣು ನನ್ನ ಹಸ್ತಪ್ರತಿಯ ಮೇಲೆ, ಮಾತು ನನ್ನ ಜೊತೆ; ಬಲಗೈ ಮಾತ್ರ ಯಾರ ಹಂಗೂ ಇಲ್ಲದೆ ಖಾನೆಯಿಂದ ಖಾನೆಗೆ ಕೋಳಿ ಕಾಳು ಹೆಕ್ಕಿದಂತೆ ಹೋಗಿ ಬರುತ್ತಿತ್ತು. ಆ ಕೈಯನ್ನು ನೋಡುತ್ತ ನಿಲ್ಲಲೆಂದೇ ನಾನು ಬೇಡದ ತಿದ್ದುಪಡಿ ತೆಗೆದುಕೊಂಡು ಹೋಗುತ್ತಿದ್ದೆ.

"ಮೇಷ್ಟ್ರೇ, ನಿಮ್ ಪುಸ್ತಕ ಆಷಾಢಕ್ಕೆ ತಗೋತೀನಿ," ಅಂದರು ಸಾಹೇಬರು ರೈಲಿನಲ್ಲಿ, ಕೆಲಸ ಒಪ್ಪಿಕೊಂಡ ಹೊಸದರಲ್ಲೇ.

"ಯಾಕ್ ಸಾಹೇಬ್ರೇ, ಪಂಚಾಂಗ ನೋಡಿದ್ರಾ?"

"ಪಂಚಾಂಗ ಅಲ್ಲ, ಶ. ನಿಮ್ದು ಲೈನಿಗೊಂದು ಕೋಶ ಬರ್ತದೆ. ಕೋಶ, ಕೋಶಭಿತ್ತಿ, ಕೋಶಕೇಂದ್ರ. ನನ್ ಕೇಸಲ್ಲಿರೋ ಶ ಎಲ್ಲಾ ಈಗ ಹಾಗಲವಾಡಿ ಮದ್ವೆಗೆ ಹೋಗಿ ಕೂತವೆ. ದಶಮಿ, ಶನಿವಾರ, ಶುಭ. ಆಷಾಢ ಬರ್ಲಿ, ಮದ್ವೆ ನಿಲ್ತವೆ. ಆಗ ನಿಮ್ ಗಿಡಕ್ಕೆ ಶ ಸಿಗ್ತದೆ."

ಹೀಗೆ ಕನ್ನಡದ ಸಸ್ಯಶಾಸ್ತ್ರ ಅಶುಭ ಮಾಸದಲ್ಲಿ ಹುಟ್ಟಬೇಕಾಯಿತು.

ಅಚ್ಚುಕೂಟದ ಹಿಂದೆ ಒಂದು ಹಿತ್ತಲಿತ್ತು. ಸವೆದ ಮೊಳೆಗಳನ್ನು ಬೆಂಗಳೂರಿಗೆ ಕಳಿಸಿ ಹೊಸದು ತರಿಸುವುದು ರುದ್ರಪ್ಪನವರ ಜಾಯಮಾನವಲ್ಲ. ಎಲ್ಲಿಂದಲೋ ಹಳೆಯ ಎರಕದ ಯಂತ್ರ ತಂದು ಹಿತ್ತಲ ತಗಡಿನ ಮಾಡಿನ ಕೆಳಗಿಟ್ಟಿದ್ದರು. ಇದ್ದಿಲ ಒಲೆಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಸೀಸ ಕರಗುತ್ತಿತ್ತು. ಹೆಡ್ ಕಂಪೋಸಿಟರೇ ನಿಂತು ಮೇಲೆ ಕಟ್ಟುವ ಬೂದಿಯಂಥ ಕಿಟ್ಟವನ್ನು ಸೌಟಿನಲ್ಲಿ ತೆಗೆದು ಗೋಡೆಯ ಬುಡಕ್ಕೆ ಎಸೆಯಬೇಕು. ಮೊಳೆ ತೊಳೆದ ಕರಿನೀರೂ ಅದೇ ಗೋಡೆಯ ಬುಡದ ಮೋರಿಗೆ. ಹೀಗೇ ಎಷ್ಟೋ ವರ್ಷಗಳಿಂದ ನಡೆದಿತ್ತು.

ಆ ಮೋರಿಯ ಬದಿಯಲ್ಲಿ ರುದ್ರಪ್ಪನವರ ಹೆಂಡತಿ ನಂಜಮ್ಮ ಕನಕಾಂಬರ ನೆಟ್ಟು ಸೋತಿದ್ದರು, ತುಳಸಿ ನೆಟ್ಟು ಸೋತಿದ್ದರು, ಯಾರು ಊರಿದರೂ ಚಿಗುರುವ ನುಗ್ಗೆಕೊಂಬೆ ಊರಿ ಅದರಲ್ಲೂ ಸೋತಿದ್ದರು. ಎಲ್ಲವೂ ಹಳದಿಗಟ್ಟಿ ಮುರುಟಿ ಹೋದವು. ಕರೆಯದೆ ಬಂದು ನೆಲೆಯೂರಿದ್ದು ಹೊನಗೊನ್ನೆ. ನೆಲಕ್ಕಂಟಿ ಹರಿದು, ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು, ಎಲೆಯ ಸಂದಿಯಲ್ಲಿ ಬಿಳಿಯ ಪುಟ್ಟ ಹೂವಿನ ಉಂಡೆಗಳನ್ನಿಟ್ಟುಕೊಂಡು ಅದು ಎಷ್ಟು ಸೊಂಪಾಗಿ ಹಬ್ಬಿತ್ತೆಂದರೆ, ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ಆ ಕರಿ ಮೋರಿಯ ಪಕ್ಕದಲ್ಲಿ ಅದರ ಹಸಿರನ್ನು ನೋಡಿದರೆ ಹಸಿವಾಗುತ್ತಿತ್ತು.

ಹೊನಗೊನ್ನೆ ಕಣ್ಣಿಗೆ ಒಳ್ಳೆಯದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಕ್ಕಿಕಾಳಿನಷ್ಟು ಅಕ್ಷರ ನೋಡಿ ಬದುಕುವ ಅಚ್ಚುಕೂಟದವರಿಗಂತೂ ಅದು ವೇದವಾಕ್ಯ. ಆದ್ದರಿಂದ ಅಲ್ಲೊಂದು ಪದ್ಧತಿ ಬೆಳೆದಿತ್ತು. ಮಧ್ಯಾಹ್ನ ನಂಜಮ್ಮ ಹೊನಗೊನ್ನೆಯ ಬಸ್ಸಾರು ಮಾಡಿ ತರುವುದು. ಮೊದಲ ಸೌಟು, ಎಳೆಯ ಕುಡಿಯ ಪಲ್ಯ, ಎಲ್ಲ ಹೆಡ್ ಕಂಪೋಸಿಟರಿಗೆ. ಅದು ಆ ಹುದ್ದೆಯ ಗೌರವ. ಉಳಿದವರಿಗೆ ತಿಳಿಯಲ್ಲಿ ತೇಲುವುದಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ರುದ್ರಪ್ಪನವರಿಗೆ ಸೊಪ್ಪು ವಾಯು, ಅವರು ಮುಟ್ಟುತ್ತಿರಲಿಲ್ಲ.

"ಸಾಬ್ರೇ, ಇನ್ನೊಂಚೂರು ಹಾಕಸ್ಕಳಿ. ನಿಮ್ ಕಣ್ ಹೋದ್ರೆ ನಮ್ ಒಲೆ ಆರ್ತದೆ," ಎನ್ನುವರು ನಂಜಮ್ಮ.

"ಒಂದ್ ದಿನಾನಾದ್ರೂ ಬೇರೆ ಸಾರ್ ಮಾಡಿ ನಂಜಕ್ಕ. ಹಿಂಗೇ ಸೊಪ್ಪು ತಿಂತಿದ್ರೆ ಬಕ್ರೀದ್ ದಿನ ನಮ್ ಮನೆಯವ್ರು ನನ್ನೇ ಹುಡುಕ್ತಾರೆ."

ನಗು. ಮತ್ತೆ ಒಂದು ಸೌಟು.

ನಗದೆ ಇದ್ದ ಸಂಗತಿಯೊಂದಿತ್ತು. ಗಫಾರ್ ಸಾಹೇಬರು ಕೂರುತ್ತಿದ್ದ ಹಿತ್ತಲ ಕಿಟಕಿಯ ಜಾಗ ಅವರಿಗಿಂತ ಮುಂಚೆ ಶ್ರೀನಿವಾಸಯ್ಯ ಎಂಬುವವರದು. ಕುಣಿಗಲ್ಲಿನವರು. ಕೆಲಸ ಮಾಡುತ್ತ ಮಾಡುತ್ತ ಅವರ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಬಿತ್ತು. ರಜೆ ಹಾಕಿ ಊರಿಗೆ ಹೋದವರು ಹಿಂದಿರುಗಲಿಲ್ಲ, ಅಲ್ಲೇ ತೀರಿಕೊಂಡರು. ಅವರ ಸ್ಟಿಕ್ಕನ್ನು ಕಿಟಕಿಯ ಪಕ್ಕದ ಗೂಟಕ್ಕೆ ತೂಗಿಹಾಕಿದ್ದರು, ಯಾರೂ ಮುಟ್ಟುತ್ತಿರಲಿಲ್ಲ. ಮಳೆ ಬಂದಾಗ ಹೆಂಚು ಸೋರಿ ಕೆಳಗಿನ ತಗಡಿನ ತಟ್ಟೆಯ ಮೇಲೆ ಹನಿ ಬಿದ್ದು ಟಿಣ್ಣೆನ್ನುತ್ತಿತ್ತು. ಥೇಟು ಮೊಳೆ ಜೋಡಿಸಿದ ಶಬ್ದ. ಆಗ ಕೂತವರೆಲ್ಲ ಒಮ್ಮೆ ಕಿಟಕಿಯ ಕಡೆ ನೋಡಿ ಮತ್ತೆ ತಲೆ ತಗ್ಗಿಸುವರು. ನಾನು ವಿಜ್ಞಾನದ ಮೇಷ್ಟರಾದ್ದರಿಂದ ನೋಡುತ್ತಿರಲಿಲ್ಲ. ನೋಡದೆ ಇರಲು ಪ್ರಯತ್ನಪಡಬೇಕಾಗುತ್ತಿತ್ತು, ಅಷ್ಟೆ.

ಆಷಾಢ ಬಂತು, ಮದುವೆಗಳು ನಿಂತವು, ಶ ಸಿಕ್ಕಿತು. ನನ್ನ ಕೋಶದ ಅಧ್ಯಾಯ ಶುರುವಾಯಿತು. ಅದೇ ಹೊತ್ತಿಗೆ ಸಾಹೇಬರ ಮುಖದ ಬಣ್ಣ ಇಳಿಯತೊಡಗಿತು.

"ಹೊಟ್ಟೆ ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡ್ದಂಗೆ ಆಗ್ತದೆ ಮೇಷ್ಟ್ರೇ," ಎಂದರು ಒಂದು ಬೆಳಿಗ್ಗೆ ರೈಲಿನಲ್ಲಿ. "ಬಾಯಲ್ಲಿ ಯಾವಾಗ್ಲೂ ಹಳೇ ಕಾಸು ಚಪ್ಪರಿಸ್ದಂಗೆ."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸ್ದೆ. ಗ್ಯಾಸು ಅಂದ್ರು. ಸೊಪ್ಪು, ತರಕಾರಿ ಜಾಸ್ತಿ ತಿನ್ನಿ ಅಂದ್ರು."

ತಿಂದರು. ಆಮೇಲೆ ನನ್ನ ಗ್ಯಾಲಿಯಲ್ಲಿ, ಅಂದರೆ ಜೋಡಿಸಿದ ಮೊಳೆಯಿಂದ ತೆಗೆದ ಮೊದಲ ಕರಡಿನಲ್ಲಿ, ತಪ್ಪುಗಳು ಕಾಣಿಸಿಕೊಂಡವು. ಅವರ ಗ್ಯಾಲಿಯಲ್ಲಿ ತಪ್ಪೆಂಬುದನ್ನೇ ನಾನು ಕಂಡಿರಲಿಲ್ಲ. ಬೇರು ಇರಬೇಕಾದಲ್ಲಿ ಎಲೆ ಎಂದಲ್ಲ. ಅಕ್ಷರ ಓರೆ, ಅಕ್ಷರ ಮಾಯ, ಸಾಲಿನ ನಡುವೆ ಬಿದ್ದುಹೋದ ಹಲ್ಲಿನಂಥ ಸಂದು. ಮೊಳೆ ಬೆರಳಿನಿಂದ ಜಾರಿ ನೆಲಕ್ಕೆ ಬೀಳತೊಡಗಿತ್ತು. ಕಣ್ಣು ಮಂಜಾಗುತ್ತಿದೆಯೆಂದು ಎಲ್ಲರೂ ತೀರ್ಮಾನಿಸಿದರು. ನಂಜಮ್ಮ ರಾತ್ರಿಗೂ ಇರಲಿ ಎಂದು ಡಬ್ಬಿಯಲ್ಲಿ ಪಲ್ಯ ಕಟ್ಟಿಕೊಡಲು ಶುರು ಮಾಡಿದರು. ಮನೆಯಲ್ಲಿ ಸಾಹೇಬರ ಮಕ್ಕಳು ಸೊಪ್ಪೆಂದರೆ ಮೂಗು ಮುರಿಯುತ್ತಿದ್ದವು. ತಾಯಂದಿರು ಬೈಯುವ ಈ ದುರಭ್ಯಾಸದ ವಿರುದ್ಧ ನಾನು ಅಂದಿನಿಂದ ಒಂದು ಮಾತನ್ನೂ ಕೇಳಲು ಸಿದ್ಧನಿಲ್ಲ.

ಒಂದು ದಿನ ಗುಬ್ಬಿ ಸ್ಟೇಷನ್ನಿನಲ್ಲಿ ಜಿಟಿಜಿಟಿ ಮಳೆ. ಸಾಹೇಬರು ಪ್ಲಾಟ್‌ಫಾರಮಿನ ಆ ತುದಿಯಿಂದ ನನ್ನನ್ನು ಕಂಡು ಎಂದಿನಂತೆ ಸಲಾಮಿಗೆ ಕೈ ಎತ್ತಿದರು. ತೋಳು ಬಂತು, ಕೈ ಬರಲಿಲ್ಲ. ಮಣಿಕಟ್ಟಿನಿಂದ ಮುಂದಿನದು ಹಸಿ ಬಟ್ಟೆಯಂತೆ ಕೆಳಕ್ಕೆ ನೇತುಬಿದ್ದಿತ್ತು. ಅವರು ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ಹಣೆಗೆ ತಂದು ಸಲಾಮು ಪೂರ್ತಿ ಮಾಡಿದರು. ನಗುತ್ತಿದ್ದರು. ನಾನು ಹೆದರಿದ್ದು ಆ ನಗುವಿಗೆ.

ರೈಲು ಹೊರಟ ಮೇಲೆ ಮೆಲ್ಲಗೆ ಕೇಳಿದರು: "ಶ್ರೀನಿವಾಸಯ್ಯಂಗೂ ಹಿಂಗೇ ಶುರು ಆಗಿದ್ದು. ನಾನೇ ಕಣ್ಣಾರೆ ನೋಡೀನಿ. ಮೇಷ್ಟ್ರೇ, ಹಿಂದೂ ದೆವ್ವ ಮುಸಲ್ಮಾನ್ರನ್ನ ಹಿಡೀತದಾ?"

"ದೆವ್ವಕ್ಕೆ ಜಾತಿ ಇದ್ರೆ ಗೊತ್ತಿಲ್ಲ ಸಾಹೇಬ್ರೇ. ರೋಗಕ್ಕಂತೂ ಇಲ್ಲ."

"ರೋಗ ಆದ್ರೆ ಎಲ್ರಿಗೂ ಬರ್ಬೇಕಿತ್ತಲ್ಲ. ಆ ಜಾಗದಲ್ಲಿ ಕೂತವ್ರಿಗೇ ಯಾಕೆ?"

ಇದಕ್ಕೆ ಅಚ್ಚುಕೂಟದಲ್ಲಿ ಉತ್ತರ ಸಿದ್ಧವಿತ್ತು. ಶ್ರೀನಿವಾಸಯ್ಯ ಕೈ ಹಿಡಿದಿದ್ದಾನೆ. ನಿಂಬೆಹಣ್ಣು ಕೊಯ್ದರು, ತೆಂಗಿನಕಾಯಿ ನಿವಾಳಿಸಿದರು. ಸಾಹೇಬರ ಮನೆಯವರು ದರ್ಗಾದಿಂದ ದಾರ ತಂದು ಬಲ ಮಣಿಕಟ್ಟಿಗೇ ಕಟ್ಟಿದರು. ಸತ್ತವರಿಗೆ ನೋವಾಗದಂತೆ ಎರಡೂ ಧರ್ಮಗಳು ನಡೆದುಕೊಂಡವು. ಕೈ ಏಳಲಿಲ್ಲ. ಕೈ ಹೋದ ಕಂಪೋಸಿಟರು ಏನು ಮಾಡಿ ಬದುಕುತ್ತಾರೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೈ ಹೋದ ಮೇಲೆ ಶ್ರೀನಿವಾಸಯ್ಯ ಎಷ್ಟು ಕಾಲ ಬದುಕಿದ್ದರು ಎಂಬುದನ್ನು ಮಾತ್ರ ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು.

ಆ ನಡುವೆ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಕುಣಿಗಲ್ಲಿಗೆ ಹಾಕಿದರು. ಕೆರೆಯ ಕಡೆಯ ಬೀದಿಯಲ್ಲಿ ಶ್ರೀನಿವಾಸಯ್ಯನವರ ಹೆಂಡತಿ ಸೀತಮ್ಮನವರ ಮನೆ ಕೇಳಿಕೊಂಡು ಹೋದೆ. ಏನು ಕೇಳಬೇಕೆಂದು ತಿಳಿಯದೆ ಅಚ್ಚುಕೂಟದಿಂದ ಬಂದೆ ಎಂದಷ್ಟೇ ಹೇಳಿದೆ. ಅವರು ಕಾಫಿ ಕೊಟ್ಟು, ಕೇಳದೆಯೇ ಎಲ್ಲ ಹೇಳಿದರು. ಹೊಟ್ಟೆ ಹಿಂಡುತ್ತಿದ್ದದ್ದು, ಬಾಯಿ ಕೆಟ್ಟಿದ್ದದ್ದು, ಒಸಡಿನ ಅಂಚಿನಲ್ಲಿ ಮಸಿಯಂಥ ಗೆರೆ ಬಂದದ್ದು.

"ನಾನು ಪ್ರೆಸ್ಸಿನ ಮಸೀನೇ ಅಂದ್ಕೊಂಡಿದ್ದೆ. ಉಪ್ಪು ಹಾಕಿ ತಿಕ್ಕಿದ್ರೂ ಹೋಗ್ಲಿಲ್ಲ," ಎಂದರು ಸೀತಮ್ಮ. "ಆದ್ರೂ ಊರಿಗೆ ಬಂದ ಮೇಲೆ ಗೆಲುವಾಗಿದ್ರು ನೋಡಿ. ಹೊಟ್ಟೆನೋವು ನಿಂತಿತ್ತು. ಬೆರಳು ಒಂಚೂರು ಆಡ್ತಿದ್ವು. ಉಳ್ಕೊಂಡ್ರು ಅಂತ್ಲೇ ಅಂದ್ಕೊಂಡ್ವಿ. ಆಮೇಲೆ ಏನಾಯ್ತೋ ತಿರುಗಿ ಮಲಗಿಬಿಟ್ರು."

"ಆಮೇಲೆ ಅಂದ್ರೆ?"

"ಅದೇ, ಆ ವರ್ಷದ ಶ್ರಾವಣ ಕಳೆದ ಮೇಲೆ. ಯಾರು ಏನ್ ಮಾಡೋಕಾಗುತ್ತೆ. ಆ ನಂಜಮ್ಮ, ಪುಣ್ಯಾತ್ಗಿತ್ತಿ, ಬಸ್ ಕಂಡಕ್ಟರ್ ಕೈಲಿ ವಾರ ವಾರ ಹೊನಗೊನ್ನೆ ಕಟ್ಟು ಕಳಿಸೋರು. ಬಾಯಿಗೆ ಬೇರೇನೂ ಸೇರ್ತಿರ್ಲಿಲ್ಲ ಇವರಿಗೆ, ಅದೊಂದೇ. ಕೊನೇ ತುತ್ತೂ ಅದೇ."

ಬಾವಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಆ ಕಟ್ಟುಗಳಲ್ಲೊಂದರಲ್ಲಿ ಬೇರು ಬಿಟ್ಟಿದ್ದ ಕಡ್ಡಿಗಳನ್ನು ಅವರು ಅಲ್ಲಿ ನೆಟ್ಟಿದ್ದರು. ಹಬ್ಬಿತ್ತು. ಅದೇ ಎಲೆ, ಅದೇ ಬಿಳಿ ಹೂವಿನ ಉಂಡೆ. "ನಂಜಮ್ಮಂಗೆ ಕೊಡಿ, ನಾನು ಕೇಳ್ದೆ ಅನ್ನಿ," ಎಂದು ಒಂದು ಕಟ್ಟು ಕಿತ್ತು ಕೊಟ್ಟರು.

ಬಸ್ಸಿನಲ್ಲಿ ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಣಿಯ ತಿಪ್ಪೆಗಳ ಮೇಲೆ, ಬೇರೆ ಗಿಡ ಸತ್ತುಹೋಗುವ ವಿಷದ ಮಣ್ಣಿನಲ್ಲಿ, ಕೆಲವು ಗಿಡಗಳು ಹಾಯಾಗಿ ಬೆಳೆಯುತ್ತವೆಂದು ನಾನು ಓದಿದ್ದೆ. ಮಕ್ಕಳಿಗೆ ಅದು ಪರೀಕ್ಷೆಗೆ ಬರುವುದಿಲ್ಲವೆಂದು ಪುಸ್ತಕದಿಂದ ಬಿಟ್ಟಿದ್ದೆ. ಕನಕಾಂಬರ ಸತ್ತ, ತುಳಸಿ ಸತ್ತ, ನುಗ್ಗೆಯೂ ಸತ್ತ ಆ ಮೋರಿಯ ದಂಡೆ ಕಣ್ಣಮುಂದೆ ಬಂತು. ಕಿಟಕಿಯ ಜಾಗದಲ್ಲಿ ಕೂತವರನ್ನು ಹಿಡಿದಿದ್ದು ಶ್ರೀನಿವಾಸಯ್ಯನವರಲ್ಲ, ಮೊದಲ ಸೌಟು. ಯಡಿಯೂರಿನ ಕಡೆ ಹೋಗುವ ಬಸ್ಸೊಂದು ಎದುರಿನಿಂದ ಬಂದು ನಮ್ಮ ಕಿಟಕಿಗೆ ಕೆಸರು ಹಾರಿಸಿ ಹೋಯಿತು. ಒರೆಸಿಕೊಳ್ಳಲು ತೋಚಲಿಲ್ಲ.

ಮಾರನೆಯ ದಿನ ಹಿತ್ತಲಿನಿಂದಲೂ ಒಂದು ಹಿಡಿ ಕಿತ್ತುಕೊಂಡು, ಎರಡನ್ನೂ ಬೇರೆ ಬೇರೆ ಕಟ್ಟಿ, ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿದ್ದ ಗೆಳೆಯನಿಗೆ ಒಯ್ದುಕೊಟ್ಟೆ. ಮುಂದಿನ ವಾರ ಹೋದಾಗ ಅವನು ನನ್ನನ್ನು ಒಂದು ಥರ ನೋಡಿದ.

"ಏನೋ, ಹಳೇ ಬ್ಯಾಟರಿ ಅರೆದು ಕೊಟ್ಟಿದ್ಯೇನೋ? ಕುಣಿಗಲ್ ಅಂತ ಚೀಟಿ ಇರೋ ಕಟ್ಟಲ್ಲಿ ಹೇಳೋ ಹಂಗೇನೂ ಇಲ್ಲ. ಇನ್ನೊಂದರ ಬೇರು ಸೀಸದ ಗಣಿ ಕಣೋ. ಎಲೇಲಿ ಅದಕ್ಕಿಂತ ಕಡಿಮೆ. ಆದ್ರೆ ದಿನಾ ತಿನ್ನೋ ಪದಾರ್ಥ ಅಂತೂ ಅಲ್ಲ. ಯಾರೂ ತಿಂದಿಲ್ಲ ತಾನೇ?"

ಮೇಜಿನ ಮೇಲೆ ಉಳಿದ ಎಲೆಗಳು ಎರಡು ತಟ್ಟೆಯಲ್ಲಿ ಒಣಗುತ್ತಿದ್ದವು. ಚೀಟಿ ತೆಗೆದರೆ ಯಾವುದು ಕುಣಿಗಲ್ಲಿನದು, ಯಾವುದು ತುಮಕೂರಿನದು ಎಂದು ಸಸ್ಯಶಾಸ್ತ್ರದ ಮೇಷ್ಟರಾದ ನಾನೂ ಹೇಳಲಾರದಷ್ಟು ಅವಳಿಜವಳಿ.

ಗಿಡದ ಈ ವಿದ್ಯೆಯ ಒಳಗುಟ್ಟು ಲೋಕಕ್ಕೆ ಚೆನ್ನಾಗಿ ತಿಳಿದದ್ದು ಆಮೇಲೆ, ಎಂಬತ್ತರ ದಶಕದಲ್ಲಿ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಕಕ್ಕಲು ಗಂಟಲಿಲ್ಲ. ಬೇರಿನ ಬಳಿಗೆ ಬಂದ ವಿಷವನ್ನು ಅದು ಆದಷ್ಟು ಕೋಶದ ಗೋಡೆಯಲ್ಲೇ ಅಂಟಿಸಿಕೊಳ್ಳುತ್ತದೆ. ಒಳಗೆ ನುಗ್ಗಿದ ಲೋಹವನ್ನು ಹಿಡಿಯಲು ಗಂಧಕ ಬೆರೆತ ಸಣ್ಣ ಎಳೆಗಳನ್ನು ನೇಯುತ್ತದೆ. ಆ ಎಳೆಗಳು ಲೋಹವನ್ನು ಜುಟ್ಟು ಹಿಡಿದು ಕೋಶದ ನಡುವಿನ ದೊಡ್ಡ ರಸದ ಚೀಲಕ್ಕೆ ಎಳೆದೊಯ್ದು ಕೂಡಿಹಾಕುತ್ತವೆ. ದೆವ್ವವಿರುವ ಒಂದು ಕೋಣೆಗೆ ಬೀಗ ಜಡಿದು, ಉಳಿದ ಮನೆಯಲ್ಲಿ ಮದುವೆ ಮುಂಜಿ ನಡೆಸುವ ದೊಡ್ಡ ಮನೆತನದಂತೆ ಗಿಡ ಎಲೆ ಬಿಡುತ್ತದೆ, ಹೂ ಬಿಡುತ್ತದೆ. ಎಲ್ಲ ಗಿಡಕ್ಕೂ ಈ ಜಾಣ್ಮೆ ಒಂದೇ ಸಮ ಇಲ್ಲ, ಕನಕಾಂಬರಕ್ಕೆ ಇರಲಿಲ್ಲ. ನಮಗೂ ಇಲ್ಲ. ನಮ್ಮ ಹಲ್ಲು ಮತ್ತು ಜಠರ ಆ ಬೀಗವನ್ನು ಒಡೆಯುತ್ತವೆ. ಹೊರಬಿದ್ದ ಸೀಸ ನಮ್ಮ ಮೂಳೆಯಲ್ಲಿ ಬಿಡಾರ ಹೂಡಿ, ನರವನ್ನು ಹಿಡಿಯುತ್ತದೆ. ಯಾವ ಕೈ ಹೆಚ್ಚು ದುಡಿಯುವುದೋ ಅದು ಮೊದಲು ಬೀಳುತ್ತದೆ.

ಬೆಂಗಳೂರಿನಿಂದ ನೇರ ಅಚ್ಚುಕೂಟಕ್ಕೆ ಬಂದೆ. ಊಟದ ಹೊತ್ತು. ನಂಜಮ್ಮ ಸೌಟು ಹಿಡಿದಿದ್ದರು. ಸಾಹೇಬರು ಎಡಗೈಯಲ್ಲಿ ತಟ್ಟೆ ಎಳೆದುಕೊಳ್ಳುತ್ತಿದ್ದರು. ನಾನು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ವಿಷಯ ಹೇಳಿದೆ. ಕಿಟಕಿಯ ಬಳಿಯ ತಗಡಿನ ಮೇಲೆ ಹನಿ ಟಿಣ್ಣೆಂದಿತು.

"ಒಂದ್ ಮಾತ್ ಕೇಳ್ತೀನಿ ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ," ಎಂದರು ಸಾಹೇಬರು. "ಗಿಡದೊಳಗೆ ವಿಷ ಇದೆ ಅಂತೀರ. ಹಂಗಾದ್ರೆ ಮೊದ್ಲು ಗಿಡ ಸಾಯ್ಬೇಕಲ್ವಾ? ನೋಡಿ ಅದರ ಮೈಯ. ಈ ಪ್ರೆಸ್ಸಲ್ಲಿ ನೆಟ್ಟಗಿರೋದು ಅದೊಂದೇ."

ನ್ಯಾಯವಾದ ಪ್ರಶ್ನೆ. ನಾನು ಕೇಸಿನ ಪಕ್ಕದ ಡಬ್ಬಿ ತೋರಿಸಿದೆ. "ಮುರಿದ ಮೊಳೆ ಎಲ್ಲ ಇದಕ್ಕೆ ಹಾಕ್ತೀರಲ್ಲ. ಡಬ್ಬಿಯಲ್ಲಿರೋ ತನಕ ನಿಮ್ ಕಂಪೋಸ್ ಏನಾದ್ರೂ ಕೆಡುತ್ತಾ?"

"ಇಲ್ಲ."

"ಗಿಡದ ಒಂದೊಂದು ಕೋಶದಲ್ಲೂ ಇಂಥದ್ದೊಂದು ಡಬ್ಬಿ ಇದೆ. ಸೀಸ ಬಂದ್ರೆ ಹಿಡಿದು ಅದರೊಳಗೆ ಹಾಕಿ ಮುಚ್ಚುತ್ತೆ ಅಂತ ನನ್ನ ಊಹೆ. ಅದಕ್ಕೇನೂ ಆಗಲ್ಲ. ನೀವು ಡಬ್ಬಿ ಸಮೇತ ಅಗಿದು ನುಂಗ್ತಿದೀರಿ."

ಸಾಹೇಬರು ಹಿತ್ತಲ ಕಡೆ ತಿರುಗಿದರು. "ಅಂದ್ರೆ ಅದು ಇಷ್ಟ್ ದಿನ ನನಗೋಸ್ಕರ ಕೂಡಿಡ್ತಾ ಇತ್ತು ಅನ್ನಿ."

ರುದ್ರಪ್ಪನವರು ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರೇ, ಹೊರಗಡೆ ದೆವ್ವ ಅಂತ್ಲೇ ಇಟ್ಕೊಳ್ಳೋಣ. ದೆವ್ವ ಅಂದ್ರೆ ಜನ ಒಂದ್ ಕಾಯಿ ಒಡ್ದು ಕೆಲಸಕ್ಕೆ ಬರ್ತಾರೆ. ಸೀಸ ಅಂದ್ರೆ ಯಾವನ್ ಬರ್ತಾನೆ?"

"ನೀವ್ ಸುಮ್ಕಿರಿ," ಎಂದರು ನಂಜಮ್ಮ. ಗಂಡನಿಗೆ ಅವರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನ್ನ ಕಡೆ ತಿರುಗಿದರು. "ಶ್ರೀನಿವಾಸಯ್ಯನೋರ್ಗೂ ಇದೇನಾ ಮೇಷ್ಟ್ರೇ?"

"ಇರಬಹುದು ನಂಜಮ್ಮ. ಬರೀ ಸೊಪ್ಪಲ್ಲ, ಆ ಬಾಣಲೆ ಹೊಗೆನೂ..."

"ಊರಿಗೆ ಹೋದ ಮೇಲೆ ಅವ್ರಿಗೆ ಹೊಗೆ ಎಲ್ಲಿತ್ತು?" ಸೌಟಿನಿಂದ ಸಾರು ನೆಲಕ್ಕೆ ಸೋರುತ್ತಿತ್ತು. "ನಾನು ಎಳೇ ಕುಡಿ ಆರ್ಸಿ ಆರ್ಸಿ ಕಳಿಸ್ತಿದ್ದೆ."

ಮಾರನೆಯ ದಿನವೇ ಸಾಹೇಬರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕೆಂದೆ. "ನಿಮ್ ಕೋಶ ಇನ್ನೊಂದೆರಡು ಪುಟ ಉಳಿದದೆ, ಎಡಗೈಲಿ ಮುಗಿಸ್ಬಿಟ್ಟು ಬರ್ತೀನಿ" ಎಂದು ಹಟ ಹಿಡಿದರು. ಜಾಗ ಬಿಟ್ಟು ಎದ್ದರೆ ಮತ್ತೆ ಸಿಗುವುದಿಲ್ಲವೆಂಬ ಭಯ ಅದರ ಹಿಂದಿತ್ತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕನ್ನಡದ ಸಸ್ಯಶಾಸ್ತ್ರ ಕಾಯಬಲ್ಲದೆಂದು ಹೇಳಿ ರೈಲು ಹತ್ತಿಸಿ ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಡಾಕ್ಟರು ಕೈಯನ್ನು ಆಮೇಲೆ ನೋಡಿದರು. "ಬಾಯಿ ತೆಗೀರಿ" ಎಂದರು ಮೊದಲು. ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಇತ್ತು. ಪ್ರತಿದಿನ ಎದುರು ಸೀಟಿನಲ್ಲಿ ಕೂತು ಆ ನಗುವನ್ನು ನೋಡಿದ್ದೆ; ಗೆರೆಯನ್ನು ನೋಡಿರಲಿಲ್ಲ, ಬೀಡಿಯ ಕರೆಯ ನಡುವೆ ಅದು ಅಡಗಿತ್ತು. ಬಾಣಲೆಯ ಹೊಗೆ, ಸೀಸದ ಬೆರಳಿನಲ್ಲಿ ಸೇದಿದ ಬೀಡಿ, ಮೇಲೆ ಈ ಸೊಪ್ಪು, ಮೂರೂ ಸೇರಿದೆ ಎಂದು ಡಾಕ್ಟರು ಹೇಳಿ, ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಸೂಜಿಮದ್ದು ಶುರು ಮಾಡಿದರು.

ನಾನು ಅಚ್ಚುಕೂಟಕ್ಕೆ ಮರಳುವಷ್ಟರಲ್ಲಿ ನಂಜಮ್ಮ ಹಿತ್ತಲಿಗಿಳಿದಿದ್ದರು. ಯಾರನ್ನೂ ಹತ್ತಿರ ಬಿಡದೆ ಸೊಪ್ಪನ್ನೆಲ್ಲ ಕಿತ್ತರು. ಕಿತ್ತದ್ದನ್ನು ಎಲ್ಲಿ ಹಾಕುವುದು? ತಿಪ್ಪೆಗೆ ಹಾಕಿದರೆ ಬೀದಿಯ ಹಸು ತಿನ್ನುತ್ತದೆ. ಆಗಲೇ ಒಂದು ಹಸು ವಾಸನೆ ಹಿಡಿದು ಹಿತ್ತಲ ಬಾಗಿಲಿಗೆ ಬಂದು ನಿಂತಿತ್ತು. ಸುಟ್ಟರೆ ಹೊಗೆ. ಮಳೆಯಲ್ಲಿ ನೆನೆಯುತ್ತ, ಸೆರಗಿನ ತುಂಬ ಹಸಿರು ಹಿಡಿದುಕೊಂಡು, ಹಸುವನ್ನು ಬೈಯುತ್ತ ಅವರು ನಿಂತಿದ್ದದ್ದನ್ನು ನಾನು ಕಿಟಕಿಯಿಂದ ಕಂಡೆ. ಕೊನೆಗೆ ಒಂದು ಹಳೆಯ ಡಾಂಬರು ಡ್ರಮ್ಮಿಗೆ ತುರುಕಿ ಮುಚ್ಚಳ ಹಾಕಿ ಮೇಲೊಂದು ಕಲ್ಲು ಹೇರಿದರು. ಶ್ರಾವಣವೆಲ್ಲ ಮಳೆ. ನೆಲದಲ್ಲಿ ಉಳಿದ ಒಂದೊಂದು ಗಿಣ್ಣೂ ಮತ್ತೆ ಚಿಗುರಿತು. ಅವರು ಮತ್ತೆ ಕಿತ್ತರು. ಒಂದು ದಿನ ನೋಡಿದರೆ ಡ್ರಮ್ಮಿನ ತುಕ್ಕು ಹಿಡಿದ ತೂತಿನಿಂದ ಬಿಳಿಚಿಕೊಂಡ ಒಂದು ಕುಡಿ ಹೊರಗೆ ಇಣುಕಿ ಬೆಳಕಿನ ಕಡೆಗೆ ತಿರುಗಿತ್ತು. ನಂಜಮ್ಮ ಅದನ್ನು ನೋಡಿ ಅಲ್ಲೇ ಕುಕ್ಕರಿಸಿದರು. ಅತ್ತದ್ದು ಅದೊಂದೇ ಸಲ.

ಬಾಣಲೆಯ ಒಲೆ ಆರಿತು. ರುದ್ರಪ್ಪನವರು ಎರಕದ ಯಂತ್ರವನ್ನು ಗುಜರಿಗೆ ಹಾಕಿಸಿದರು. ಹೊರಗಿನವರಿಗೆ ದೆವ್ವ ಬಿಡಿಸಿದೆವೆಂದೇ ಹೇಳಿದರು. ಸುಳ್ಳೆಂದು ನನಗೆ ಅನ್ನಿಸಲಿಲ್ಲ.

ಸೀತಮ್ಮನವರಿಗೆ ಯಾರು ಹೇಳಬೇಕೆಂಬ ಮಾತು ಬಂತು. ಹೇಳುವುದೇ ಬೇಡ, ಹೋದ ಜೀವ ಬರುವುದಿಲ್ಲ ಎಂದರು ರುದ್ರಪ್ಪನವರು. ನಾನೂ ಹೂಂಗುಟ್ಟಿದೆ. ನಂಜಮ್ಮ ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿ, ಸಂಜೆಗೆ ವಾಪಸಾದರು. ಅಚ್ಚುಕೂಟದ ಮೆಟ್ಟಿಲ ಮೇಲೆ ಕೂತು ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದರು.

"ಏನಂದ್ರು ನಂಜಮ್ಮ?" ಎಂದು ಕೇಳಿದೆ.

"ಕಾಫಿ ಕೊಟ್ರು," ಎಂದರು. ಇನ್ನೊಂದು ಕಾಲಿಗೆ ನೀರು ಸುರಿದುಕೊಂಡು, "ಅಷ್ಟೇ. ಲೋಟ ತೊಳೆಯಕ್ಕೂ ಬಿಡ್ಲಿಲ್ಲ," ಎಂದರು.

ಸಾಹೇಬರು ಆಸ್ಪತ್ರೆಯಿಂದ ಬಂದಾಗ ಮದುವೆಗಳು ಮತ್ತೆ ಶುರುವಾಗಿದ್ದವು. ನನ್ನ ಕೋಶದ ಅಧ್ಯಾಯದ ಉಳಿದ ಪುಟಗಳನ್ನು ಬೇರೆಯವರು ಜೋಡಿಸಿದರು. ನಾನು ಮೊದಲು ಬಿಟ್ಟಿದ್ದ ವಿಷಯವನ್ನು, ಗಿಡಗಳು ಲೋಹವನ್ನು ತಾಳಿಕೊಳ್ಳುವ ಬಗೆಯನ್ನು, ಒಂದು ಪ್ಯಾರಾದಷ್ಟು ಸೇರಿಸಿದೆ. ಅದರ ಕರಡನ್ನು ಸಾಹೇಬರು ಎಡಗೈ ಬೆರಳಿಟ್ಟು ಸಾಲು ಸಾಲಾಗಿ ಓದಿ, ಒಂದು ಕಡೆ ತಡೆದರು.

"'ಗಿಡಕ್ಕೆ ಯಾವ ಹಾನಿಯೂ ಆಗುವುದಿಲ್ಲ' ಅಂತ ಬರ್ದಿದೀರ. ತಿಂದವ್ನ ಸಂಗ್ತಿ ಬರೀಲಿಲ್ವಲ್ಲ?"

"ಅದು ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಹೋಗುತ್ತೆ ಸಾಹೇಬ್ರೇ."

ಅವರು ನಕ್ಕರು. ಗೆರೆ ಮಸುಕಾಗಿತ್ತು.

ದೀಪಾವಳಿಯ ಹೊತ್ತಿಗೆ ಹೊಟ್ಟೆನೋವು ಪೂರ್ತಿ ನಿಂತಿತು. ಬಲಗೈಯ ಮಣಿಕಟ್ಟು ಅರ್ಧದಷ್ಟು ಎದ್ದು ಅಲ್ಲಿಗೇ ನಿಂತಿತು. ಗಫಾರ್ ಸಾಹೇಬರು ಕೆಲಸದಿಂದ ನಿವೃತ್ತರಾಗುವವರೆಗೆ ಅದೇ ಅಚ್ಚುಕೂಟದಲ್ಲಿ ಕರಡು ತಿದ್ದಿದರು, ಮೊಳೆ ಜೋಡಿಸಲಿಲ್ಲ.